ಕಂಪ್ಯೂಟರ್ ಒಪ್ಪದ ನಡೆ

ನಮ್ಮೂರಿನಲ್ಲಿ ಆಟ ನಡೆಯುತ್ತಿರುವ ಮನೆಯವರು ಬೆಕ್ಕು ಸಾಕುವುದಿಲ್ಲ. ಪಡಸಾಲೆಯಲ್ಲಿ ಫ್ಯಾನು ಹಾಕುವುದಿಲ್ಲ. ಚೆಸ್ ಬೋರ್ಡಿನ ಪಕ್ಕ ಹಾಯುವಾಗ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತಾರೆ. ಸತ್ತವರು ದಿನಕ್ಕೊಂದು ನಡೆ ಆಡುತ್ತಾರೆ, ಮನೆಯಲ್ಲಿ ಉಳಿದವರು ಒಂದು. ಬೆಳಿಗ್ಗೆ ಸ್ನಾನ ಮಾಡಿ ನಮ್ಮ ಕಾಯಿ ಸರಿಸಿ ಬಾಗಿಲು ಮುಂದೆ ಮಾಡಿದರೆ, ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುವಷ್ಟರಲ್ಲಿ ಅವರ ಕಾಯಿ ಸರಿದಿರುತ್ತದೆ. ನಾವು ಒಂದು ದಿನ ತಪ್ಪಿಸಿದರೆ ಅವರು ಮತ್ತೆ ಆಡುವುದಿಲ್ಲ. ಆಟ ಮುಗಿದರೂ ಅಷ್ಟೇ. ಗೆದ್ದರೂ ಸೋತರೂ ಹೋದವರು ಹೋದಂತೆ. ಆವತ್ತು ಕಾಯಿಗಳನ್ನು ತೊಳೆದು ಡಬ್ಬಿಗೆ ಹಾಕಿ ಓಣಿಗೆಲ್ಲ ಬೆಲ್ಲ ಹಂಚುತ್ತಾರೆ.

ಹೀಗಾಗಿ ನಮ್ಮೂರಿನವರು ನೆಂಟರ ಮದುವೆಗೆ ಹೋದರೂ ಅಕ್ಷತೆ ಬೀಳುತ್ತಲೇ ಬಸ್ಸು ಹಿಡಿಯುತ್ತಾರೆ. ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಗಳು ಮೊದಮೊದಲು ಸಿಟ್ಟಾಗುತ್ತಾರೆ, ಆಮೇಲೆ ಅವರ ಮನೆಯಲ್ಲೇ ಯಾರಾದರೂ ತೀರಿಕೊಂಡರೆ ಅವರೂ ಬಾಗಿಲು ಮುಂದೆ ಮಾಡಿಕೊಂಡು ಕಾಯುತ್ತಾರೆ.

ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೆಸರಿಗೆ ರಿಪೇರಿ, ನಡೆಯುವುದು ಮಾತ್ರ ಚೆಸ್ ಎಂಜಿನ್ ಕೂರಿಸುವ ಕೆಲಸದಿಂದ. ಆಟ ಬಾರದ ಮನೆಯವರ ಪರವಾಗಿ ನಡೆ ಯೋಚಿಸಿ ಹೇಳುವುದು ಅದೇ. ಪರದೆಯ ಮೇಲೆ ಬೋರ್ಡು ತೋರಿಸುವ ಪ್ರೋಗ್ರಾಮ್ ಬೇರೆ, ಯೋಚನೆ ಮಾಡುವ ಎಂಜಿನ್ ಬೇರೆ ಎಂದು ಜನಕ್ಕೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಬೋರ್ಡು ಚಂದ ಕಾಣುತ್ತದೆ, ಕಾಯಿ ಎಳೆದರೆ ಟಪ್ ಅನ್ನುತ್ತದೆ, ನಿಯಮ ತಪ್ಪಿದರೆ ಕಾಯಿಯನ್ನು ವಾಪಸ್ ತಂದು ಇಡುತ್ತದೆ; ಅದಕ್ಕಿಂತ ಹೆಚ್ಚಿನ ಬುದ್ಧಿ ಅದಕ್ಕಿಲ್ಲ. ಎಂಜಿನ್ನಿಗೆ ಬುದ್ಧಿ ಇದೆ, ಮುಖವಿಲ್ಲ. ಅದು ಬರೀ ಒಂದು ಫೈಲು. ಅದರ ಮೇಲೆ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆದುಕೊಂಡು ಸುಮ್ಮನೆ ಕೂರುತ್ತದೆ. ‘ಡೌನ್‌ಲೋಡ್ ಮಾಡೀವ್ರಿ, ಆಡವಲ್ದು’ ಎಂದು ಬರುವವರೆಲ್ಲ ಈ ಕಪ್ಪು ಕಿಟಕಿ ನೋಡಿ ಹೆದರಿದವರು. ಪ್ರೋಗ್ರಾಮಿನ ಸೆಟ್ಟಿಂಗ್ಸಿಗೆ ಹೋಗಿ, ಹೊಸ ಎಂಜಿನ್ ಸೇರಿಸು ಎಂದು ಹೇಳಿ, ಆ ಫೈಲು ಎಲ್ಲಿದೆಯೆಂದು ತೋರಿಸಬೇಕು. ಎಷ್ಟು ಮೆಮೊರಿ ಬಳಸಬಹುದು, ಒಂದು ನಡೆಗೆ ಎಷ್ಟು ಹೊತ್ತು ಯೋಚಿಸಬಹುದು, ಎಷ್ಟು ಜಾಣನಾಗಿ ಆಡಬೇಕು, ಎಲ್ಲವನ್ನೂ ಹೇಳಿಕೊಡಬೇಕು. ಕೆಲವರು ‘ಜೋರ ಇರ್ಲಿ, ಮಾವನ ಆಟ ಬೇಗ ಮುಗೀಲಿ’ ಅನ್ನುತ್ತಾರೆ. ಹೆಚ್ಚಿನವರು ‘ದಡ್ಡ ಇರ್ಲಿ, ಆಟ ನಡೀಲಿ’ ಅನ್ನುತ್ತಾರೆ. ನಾನು ಯಾರನ್ನೂ ಕಾರಣ ಕೇಳುವುದಿಲ್ಲ.

ದಾಕ್ಷಾಯಣಮ್ಮನವರ ಮನೆಯಿಂದ ಕರೆ ಬಂದಾಗ ನನಗೆ ಒಂಥರಾ ಹೆಮ್ಮೆಯೇ ಆಯಿತು. ಅವರ ಗಂಡ ವಿರುಪಣ್ಣ ಊರಿನ ಸಮಾರಂಭಗಳಿಗೆಲ್ಲ ಮೈಕ್‌ಸೆಟ್ ಹಾಕುತ್ತಿದ್ದವರು. ಅವರು ಹೋಗಿ ಮೂರು ವರ್ಷದ ಮೇಲಾಗಿತ್ತು, ಆಟ ಇನ್ನೂ ನಡೆದಿತ್ತು. ಊರಿನಲ್ಲಿ ಅಷ್ಟು ದೀರ್ಘ ಆಟ ಇನ್ನೊಂದಿರಲಿಲ್ಲ. ಹೊಸದಾಗಿ ಮದುವೆಯಾದವರು ಅವರ ಮನೆಗೆ ಹೋಗಿ ದೂರದಿಂದ ಬೋರ್ಡು ನೋಡಿ ಕೈ ಮುಗಿದು ಬರುವ ರೂಢಿ ಕೂಡ ಶುರುವಾಗಿತ್ತು.

ಮನೆಯಲ್ಲಿ ಇಬ್ಬರೇ. ದಾಕ್ಷಾಯಣಮ್ಮ, ಮತ್ತು ವಿರುಪಣ್ಣನ ಅಕ್ಕ ಸಂಗವ್ವ. ಸಂಗವ್ವ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು ನಿಂತವರು. ಮಾತು ಕಡಿಮೆ. ಇಡೀ ಊರಿಗೆ ಅವರು ದಾಕ್ಷಾಯಣಮ್ಮನ ಹಿಂದೆ ಚೀಲ ಹಿಡಿದು ನಡೆಯುವವರು ಎಂದಷ್ಟೇ ಗೊತ್ತು.

ದಾಕ್ಷಾಯಣಮ್ಮನವರ ಎರಡೂ ಕಣ್ಣಿಗೆ ಪೊರೆ ಬಂದು ಮನುಷ್ಯರು ಮಸಿಯ ಹಾಗೆ ಕಾಣುವ ಮಟ್ಟಕ್ಕೆ ಹೋಗಿತ್ತು. ಹೊಳೆಯಾಚೆಯ ಪಟ್ಟಣದ ಆಸ್ಪತ್ರೆಯಲ್ಲಿ ಕೆಲವು ದಿನ ಇರಬೇಕು, ಇನ್ನು ತಡಮಾಡಿದರೆ ಕಷ್ಟ ಎಂದು ಡಾಕ್ಟರು ಗದರಿಸಿದ್ದರಂತೆ.

“ಇಷ್ಟು ದಿನ ಮುಂದ ಹಾಕ್ಕೊಂತ ಬಂದೇನ್ರಿ, ಮುರಿಗೆಪ್ಪಣ್ಣ,” ಅಂದರು. “ಒಂದು ದಿನಾನೂ ಈ ಮನಿ ಬಿಟ್ಟು ಮಲಗಿಲ್ಲ. ಈಗ ನಾ ಇಲ್ಲದಾಗ ನನ್ನ ಕಾಯಿ ನಿಮ್ಮ ಕಂಪ್ಯೂಟರ್ ಆಡಬೇಕು. ಆದ್ರ ನನ್ನಂಗ ಆಡಬೇಕು. ಜಾಣತನ ಮಾಡಬಾರದು. ಆಡಾಕತ್ತಾಕಿ ಇಕಿ ಅಲ್ಲ, ಬ್ಯಾರೆ ಯಾರೋ ಅಂತ ಅವರಿಗೆ ಅನುಮಾನ ಬರಬಾರದು.”

“ಸಂಗವ್ವಾರ ಆಡಬಹುದಲ್ರಿ?”

“ಅಕ್ಕಾರಿಗೆ ಆಟ ಬರೂದಿಲ್ಲ. ಕುದುರಿ ಯಾವುದು, ಒಂಟಿ ಯಾವುದು ಅಂತ ಗೊತ್ತಿಲ್ಲ ಅವರಿಗೆ. ಕಂಪ್ಯೂಟರ್ ತೋರಿಸಿದ ಕಾಯಿ ಎತ್ತಿಡ್ತಾರ, ಅಷ್ಟ.”

ಬಾಗಿಲ ಬಳಿ ನಿಂತಿದ್ದ ಸಂಗವ್ವ, “ಆ ಮಷೀನೂ ಬ್ಯಾಡ, ಏನೂ ಬ್ಯಾಡ. ಇನ್ನೊಂದೆರಡು ತಿಂಗಳು ತಡದು ಹೋದ್ರಾತು,” ಅಂದರು. ದಾಕ್ಷಾಯಣಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಲ್ಯಾಪ್‌ಟಾಪು ತೆರೆದು ಪ್ರೋಗ್ರಾಮ್ ಹಾಕಿದೆ, ಎಂಜಿನ್ ಸೇರಿಸಿದೆ. ಅದರ ಹೆಸರು ಪಟ್ಟಿಯಲ್ಲಿ ಮೂಡಿತು. ಇನ್ನು ಅದರ ಜಾಣತನವನ್ನು ದಾಕ್ಷಾಯಣಮ್ಮನವರ ಅಳತೆಗೆ ಇಳಿಸಬೇಕಿತ್ತು. ಅದಕ್ಕೆ ಅವರು ಹೇಗೆ ಆಡುತ್ತಾರೆ ಎಂದು ತಿಳಿಯಬೇಕು. ಹಳೆಯ ನಡೆಗಳು ನೆನಪಿವೆಯೇ ಎಂದು ಕೇಳಿದೆ.

“ಎಲ್ಲಾ ನೆನಪೈತ್ರಿ,” ಅಂದರು. “ದಿನಕ್ಕೊಂದ ನಡಿ. ಮರಿಯಾಕ ಏನೈತಿ.”

ಅವರು ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು, ನಾನು ಒಂದೊಂದಾಗಿ ಕಾಯಿ ಎಳೆಯುತ್ತ ಹೋದೆ. ಬಿಳಿ ಕಾಯಿ ಅವರದು. ಪ್ರತಿ ನಡೆಗೂ ಆ ದಿನದ ಏನಾದರೊಂದು ಸಂಗತಿ ಅಂಟಿಕೊಂಡಿತ್ತು. ಈ ಕಾಲಾಳು ಮುಂದೆ ಹೋದ ದಿನ ಮೈಕ್‌ಸೆಟ್ಟಿನ ಸಾಮಾನು ಮಾರಿದ್ದು. ಈ ಒಂಟೆ ಹೊರಬಂದ ದಿನ ಅವರ ತವರಿನಿಂದ ಮಾವಿನಕಾಯಿ ಬಂದದ್ದು. ಎಂಜಿನ್ ಪಕ್ಕದ ಕಿಟಕಿಯಲ್ಲಿ ಯಾರು ಮೇಲು, ಯಾರು ಕೆಳಗು ಎಂದು ಅಂಕಿ ತೋರಿಸುತ್ತಿತ್ತು. ವಿರುಪಣ್ಣ ದುಡುಕಿನ ಆಟಗಾರ. ದಾಕ್ಷಾಯಣಮ್ಮ ಅಂಜುಬುರುಕಿ. ಇಬ್ಬರೂ ತಪ್ಪುಗಳನ್ನು ಸರಿಸಮ ಮಾಡಿಕೊಂಡು ಸುಖವಾಗಿ ಆಡಿದ್ದರು. ನನಗೆ ಕೇಳುತ್ತ ಕೇಳುತ್ತ ಖುಷಿಯಾಗುತ್ತಿತ್ತು.

“ಆಮ್ಯಾಲ ನಾ ಮಂತ್ರಿ ತಗೊಂಡು ಅವರ ರಾಜನ ಪಕ್ಕದ ಕಾಲಾಳು ಹೊಡದೆ. ಪುಕ್ಕಟೆ ಸಿಗತೈತಿ ಅಂತ ಅನಿಸಿತ್ತು,” ಅಂದರು. ನಾನು ಮಂತ್ರಿಯನ್ನು ಎಳೆದಿಟ್ಟೆ. “ಅವರು ಬಿಡ್ತಾರೇನು. ರಾಜನಿಂದಾನ ನನ್ನ ಮಂತ್ರಿ ಹೊಡದ ಹಾಕಿದ್ರು. ನಾ ಎರಡ ದಿನಾ ಸರಿಯಾಗಿ ಉಂಡಿಲ್ಲ.”

ಕಪ್ಪು ರಾಜನನ್ನು ಹಿಡಿದು ಮಂತ್ರಿಯ ಮೇಲೆ ತಂದೆ. ಅದು ವಾಪಸ್ ತನ್ನ ಮನೆಗೆ ಹೋಗಿ ಕೂತಿತು. ಮೌಸ್ ಜಾರಿತೇನೋ ಎಂದುಕೊಂಡು ಮತ್ತೆ ಎಳೆದೆ. ಮತ್ತೆ ಹೋಗಿ ಕೂತಿತು. ಮೂರನೆಯ ಸಲ ಎಳೆಯುವ ಹೊತ್ತಿಗೆ ನನ್ನ ಕಣ್ಣು ಬೋರ್ಡಿನ ಈಚೆ ಮೂಲೆಗೆ ಹೋಯಿತು. ಅಲ್ಲಿ ದಾಕ್ಷಾಯಣಮ್ಮನವರ ಬಿಳಿ ಒಂಟೆ, ಮಾವಿನಕಾಯಿ ಬಂದ ದಿನ ಹೊರಬಿದ್ದದ್ದು, ಓರೆಗೆರೆಯ ಉದ್ದಕ್ಕೂ ಆ ಮಂತ್ರಿಗೆ ಬೆಂಬಲವಾಗಿ ನಿಂತಿತ್ತು. ಆ ಮಂತ್ರಿಯನ್ನು ರಾಜ ಹೊಡೆಯುವಂತಿರಲಿಲ್ಲ. ಬೇರೆ ಕಡೆ ಓಡುವಂತೆಯೂ ಇರಲಿಲ್ಲ. ಒಂದು ಪಕ್ಕ ತನ್ನದೇ ಆನೆ, ಇನ್ನೊಂದು ಪಕ್ಕ ಆ ಮಂತ್ರಿಯ ಹೊಡೆತ, ಮುಂದೆ ತನ್ನದೇ ಕಾಲಾಳುಗಳು. ಎಂಜಿನ್ನಿನ ಕಿಟಕಿಯಲ್ಲಿ ಅಂಕಿಗಳು ನಿಂತುಹೋಗಿದ್ದವು. ಕೆಳಗೆ ಬಿಳಿ ಗೆದ್ದಿತು ಎಂದಿತ್ತು.

ಚೆಕ್‌ಮೇಟ್. ವಿರುಪಣ್ಣ ಸತ್ತ ಕೆಲವೇ ತಿಂಗಳಿಗೆ ಆಟ ಮುಗಿದಿತ್ತು. ಮುಗಿಸಿದವರು ನನ್ನೆದುರು ಕಣ್ಣು ಮುಚ್ಚಿ ಕೂತಿದ್ದರು, ಅವರಿಗೆ ಅದು ಗೊತ್ತಿರಲಿಲ್ಲ.

“ಏನಾತ್ರಿ?” ಅಂದರು.

“ಒಂಚೂರು ಸಿಕ್ಕೊಂಡೈತ್ರಿ. ಆ ನಡಿ ಇನ್ನೊಮ್ಮೆ ಹೇಳ್ರಿ.”

ಅವರು ಅದನ್ನೇ ಹೇಳಿದರು, ಅಕ್ಷರ ವ್ಯತ್ಯಾಸವಿಲ್ಲದೆ. ನಾನು ತಲೆ ಎತ್ತಿದೆ. ಸಂಗವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಪರದೆಯನ್ನು. ಕುದುರೆ ಯಾವುದು ಒಂಟೆ ಯಾವುದು ಗೊತ್ತಿಲ್ಲದವರು ನೋಡುವ ನೋಟ ಅದಾಗಿರಲಿಲ್ಲ. ತಟ್ಟೆಯನ್ನು ಮೆಲ್ಲಗೆ ಸ್ಟೂಲಿನ ಮೇಲಿಟ್ಟು, “ಮುರಿಗೆಪ್ಪಾ, ಒಳಗ ಅಟ್ಟದ ಮ್ಯಾಲಿನ ಡಬ್ಬಿ ಒಂದ ತಗದ ಕೊಡಬಾ,” ಅಂದರು.

ಅಡುಗೆಮನೆಯಲ್ಲಿ ಯಾವ ಡಬ್ಬಿಯನ್ನೂ ಅವರು ತೋರಿಸಲಿಲ್ಲ.

“ಒಪ್ಪವಲ್ದಲ್ಲ ಅದು?”

“ಹೆಂಗ ಒಪ್ಪತೈತ್ರಿ. ಆಟ ಅಲ್ಲಿಗೇ ಮುಗದೈತಿ.”

“ಗೊತ್ತೈತಿ,” ಅಂದರು ಸಂಗವ್ವ. ಒಲೆಯ ಕಟ್ಟೆಗೆ ಒರಗಿ ನಿಂತರು. “ನಮ್ಮಪ್ಪ ಆಟಾ ನನಗೂ ನನ್ನ ತಮ್ಮಗೂ ಕೂಡೇ ಕಲಿಸಿದ್ದ. ವಿರುಪಾಕ್ಷಿ ಒಂದ ಸಲಾನೂ ನನ್ನ ಗೆದ್ದಾವಲ್ಲ. ಗೆಲ್ಲಾಕ ಆಗಲಿಲ್ಲ ಅಂತ ಅಳತಿದ್ದ. ಅದಕ್ಕ ನಾ ಆಡೂದ ಬಿಟ್ಟೆ, ಬರೂದಿಲ್ಲ ಅನ್ನಾಕ ಹತ್ತಿದೆ.”

ಪಡಸಾಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಅವತ್ತು ಗ್ಯಾಸಿನವ ಬಂದಿದ್ದ. ಆಕಿ ಗಡಿಬಿಡಿಯೊಳಗ ಕಾಯಿ ಸರಿಸಿ ಹೊರಗ ಓಡಿದ್ಲು. ನಾ ನೆಲ ಒರಸಾಕ ಹೋದಾಕಿ ನೋಡಿದೆ. ನೋಡಿದ ಕೂಡಲೇ ಆಟ ಮುಗೀತಂತ ತಿಳೀತು. ದಾರಿ ಇದ್ದರೂ ಇರಬಹುದು, ಅವಾ ಏನರ ಮಾಡಬಹುದು ಅಂತ ಊಟದ ತನಕ ಕಾದೆ. ಊಟ ಆದ ಮ್ಯಾಲ ಬಾಗಲಾ ತಗದ್ರ ಒಂದ ಕಾಯೂ ಅಲಗಿರಲಿಲ್ಲ. ಹಿಂದ ಆಕಿ ಕೈ ತೊಳಕೊಂಡ ಬರಾಕತ್ತಿದ್ಲು. ಅವರು ಏನ ಆಡ್ಯಾರ ನೋಡೂಣು ಅಂತ ಒಳ್ಳೆ ಖುಷೀಲೆ ಬರಾಕತ್ತಿದ್ಲು. ನನ್ನ ಕೈ ತಾನ ಹೋತು ನೋಡಪಾ. ರಾಜನ ಎತ್ತಿ ಆಕಿ ಮಂತ್ರಿ ಹೊಡದಿಟ್ಟೆ. ಆ ಒಂದ ದಿನಕ್ಕ ಅಂತ. ಮರುದಿನ ಹೇಳಿದ್ರಾತು ಅಂತ.”

“ಅಂದ್ರ ಇಷ್ಟು ವರ್ಷ...”

“ನಾನ.”

ಊರಿನವರೆಲ್ಲ ಕೈ ಮುಗಿದು ಹೋದ ಆ ಬೋರ್ಡು ನನ್ನ ಕಣ್ಣ ಮುಂದೆ ಬಂತು. ಹಿಂದಿನ ವರ್ಷ ನಾನೇ ನನ್ನ ಹೆಂಡತಿಯನ್ನು ಕರೆದುಕೊಂಡು ಬಂದು ಅದರ ಮುಂದೆ ನಿಂತಿದ್ದೆ. ನಮ್ಮೂರಿನಲ್ಲಿ ಹೀಗೊಂದು ಮಾಡಬಹುದು ಎಂಬುದೇ ಯಾರಿಗೂ ಹೊಳೆದಿರಲಿಲ್ಲ. ಸತ್ತವರ ಕಾಯಿಯನ್ನು ಬದುಕಿದವರು ಮುಟ್ಟುವುದು ಎಂದರೆ, ಅದನ್ನು ಬೈಯುವುದಕ್ಕೂ ನಮ್ಮಲ್ಲಿ ಒಂದು ಮಾತಿಲ್ಲ.

“ಹೇಳಬ್ಯಾಡ,” ಅಂದರು ಸಂಗವ್ವ. “ಕಣ್ಣ ಬರ್ಲಿ ಮೊದಲ.”

ಅವರ ಮಾತು ಸರಿಯೋ ತಪ್ಪೋ ಎಂದು ತೂಗಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪಡಸಾಲೆಗೆ ಬಂದೆ. ದಾರಿಯೇನೋ ಇತ್ತು. ಪ್ರೋಗ್ರಾಮಿನಲ್ಲಿ ಬೋರ್ಡು ಜೋಡಿಸುವ ಕಿಟಕಿ ಎಂದು ಒಂದಿದೆ. ಹಿಂದಿನ ನಡೆಗಳನ್ನೆಲ್ಲ ಅಳಿಸಿ, ಈಗ ಕಾಯಿಗಳು ಎಲ್ಲೆಲ್ಲಿ ನಿಂತಿವೆಯೋ ಅಲ್ಲಲ್ಲೇ ಇಟ್ಟುಬಿಟ್ಟರೆ ಹಿಂದೆ ಏನಾಯಿತು ಎಂದು ಅದು ಕೇಳುವುದಿಲ್ಲ. ನಾನು ಆ ಕಿಟಕಿ ತೆರೆದು, ಮರದ ಬೋರ್ಡನ್ನು ನೋಡಿ ನೋಡಿ ಪರದೆಯ ಮೇಲೆ ಕಾಯಿ ಇಡತೊಡಗಿದೆ.

“ನಡಿ ಹೇಳೂದು ಬ್ಯಾಡೇನ್ರಿ?” ಅಂದರು ದಾಕ್ಷಾಯಣಮ್ಮ.

“ಬ್ಯಾಡ್ರಿ, ಸೀದಾ ಈಗಿಂದ ಇಡಾಕತ್ತೀನಿ.”

“ಯಾವ ನಡಿಗೆ ಸಿಕ್ಕೊಂಡಿತ್ತದು?”

ಸುಳ್ಳು ಹೇಳಲು ಬಾಯಿ ತೆರೆದೆ. ಆದರೆ ಅವರು ನನ್ನ ಉತ್ತರಕ್ಕೆ ಕಾಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದರು. ಬಲಗೈ ಬೆರಳು ಮೊಣಕಾಲ ಮೇಲೆ, ಸೀರೆಯ ಮೇಲೆ, ಓರೆಯಾಗಿ ಒಂದು ಗೆರೆ ಎಳೆಯುತ್ತಿತ್ತು. ಒಮ್ಮೆ ಎಳೆಯಿತು. ಹಿಂದಕ್ಕೆ ಬಂದು ಇನ್ನೊಮ್ಮೆ ಎಳೆಯಿತು. ಆ ತುದಿಯಲ್ಲಿ ನಿಂತಿತು.

“ನನ್ನ ಒಂಟಿ ಅಲ್ಲೇ ಇತ್ತು,” ಅಂದರು.

ನಾನು ಮೌಸಿನಿಂದ ಕೈ ತೆಗೆದೆ.

“ಅವತ್ತಿಗೇ ಮುಗಿದಿತ್ತು. ಹೌದಲ್ರಿ?”

“ಹೌದ್ರಿ,” ಅಂದೆ.

ಅವರು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. “ಗ್ಯಾಸಿನವ ಕೂಗಿದ. ನಾ ಹಂಗ ಹೊಡದು ಹೊರಗ ಓಡಿದೆ,” ಅಂದರು ತಮಗೇ. ಆಮೇಲೆ, “ಅಕ್ಕಾರ, ಬರ್ರಿ ಇಲ್ಲಿ,” ಅಂದರು. ದನಿ ಏರಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಸಂಗವ್ವ ಬಂದು ಎದುರು ನಿಂತರು. ಮನೆಯಲ್ಲಿ ಇಬ್ಬರೇ ಇದ್ದಾಗ ಕಾಯಿ ಸರಿಸಿದವರು ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ.

“ದಿನಾ ಮಧ್ಯಾಹ್ನ ಈ ಬೋರ್ಡಿನ ಮುಂದ ಕುಂತು ನಾ ಅವರ ಜೋಡಿ ಮಾತಾಡತಿದ್ದೆ. ಒಳಗ ಕೇಳಿಸತಿತ್ತೇನು?”

“ಕೇಳಿಸತಿತ್ತು.”

“ನಿಮ್ಮ ಅಕ್ಕ ಟೀವಿ ಜೋರ ಇಡತಾಳ, ನನಗ ತಲಿ ಸಿಡೀತೈತಿ ಅಂತ ಹೇಳಿದ್ದೆ. ಮರುದಿನದಿಂದ ಟೀವಿ ಸದ್ದು ಸಣ್ಣಗಾತು. ಅವರೇ ನಿಮ್ಮ ಕನಸಿನಾಗ ಬಂದು ಹೇಳ್ಯಾರ ಅಂತ ತಿಳಕೊಂಡಿದ್ದೆ ನಾನು. ಸಾರು ಉಪ್ಪು ಅಂದೆ, ಅದೂ ಸರಿಯಾತು. ಹುಚ್ಚಿ ಹಂಗ ನಂಬಿದ್ದೆ.” ಉಸಿರು ಎಳೆದುಕೊಂಡರು. “ನಿಮ್ಮ ಬಗ್ಗೆ ಇನ್ನೂ ಏನೇನೋ ಹೇಳೀನಿ. ಈ ಮುದುಕಿ ಮೊದಲ ಹೋಗಬೇಕಿತ್ತು, ನೀವು ಉಳೀಬೇಕಿತ್ತು ಅಂತಾನೂ ಅವರಿಗೆ ಅಂದೀನಿ.”

“ಅದೂ ಕೇಳಿಸೈತಿ.”

“ಅದನ್ನ ಕೇಳಿದ ಮ್ಯಾಲೂ ಈ ಮನಿಯಾಗ ಹೆಂಗ ಇದ್ರಿ? ಯಾಕ ಎದ್ದು ಹೋಗಲಿಲ್ಲ?”

ಸಂಗವ್ವ ಬೋರ್ಡನ್ನು ನೋಡಿದರು. “ಹೆಂಗ ಹೋಗ್ಲಿ,” ಅಂದರು. “ನನ್ನ ಪಾಳಿ ಇತ್ತಲ್ಲ.”

ನಾನು ಲ್ಯಾಪ್‌ಟಾಪು ಮುಚ್ಚಿದೆ. ಇರಬಾರದ ಕಡೆ ಸಿಕ್ಕಿಬಿದ್ದಂತಾಗಿತ್ತು. ದಾಕ್ಷಾಯಣಮ್ಮ ಕೈಯಿಂದ ತಡವುತ್ತ ಬೋರ್ಡಿನ ಹತ್ತಿರ ಸರಿದರು. ಒಂದೊಂದೇ ಕಾಯಿಯನ್ನು ಮುಟ್ಟಿ ಗುರುತಿಸಿ, ಆ ಗ್ಯಾಸಿನವ ಬಂದ ದಿನದ ಜಾಗಗಳಲ್ಲಿ ಇಟ್ಟರು. ಡಬ್ಬಿಯಲ್ಲಿದ್ದ ತಮ್ಮ ಬಿಳಿ ಮಂತ್ರಿಯನ್ನು ತೆಗೆಸಿಕೊಂಡು ಕಪ್ಪು ರಾಜನ ಪಕ್ಕಕ್ಕಿಟ್ಟರು. ಒಂಟೆಯನ್ನು ಅದರ ಮೂಲೆಯಲ್ಲಿ. ಎಲ್ಲವೂ ಸರಿಯಾಗಿದೆಯೇ ಎಂದು ನನ್ನನ್ನು ಕೇಳಿದರು. ಸರಿಯಾಗಿತ್ತು. ಆಮೇಲೆ ಅದರ ಮುಂದೆ ಬಹಳ ಹೊತ್ತು ಕೂತಿದ್ದರು. ಕಡೆಗೆ “ಹೋಗಿಬರ್ರಿ,” ಅಂದರು, ಊರಿಗೆ ಹೊರಟವರಿಗೆ ಹೇಳುವ ಹಾಗೆ. ಕಪ್ಪು ರಾಜನನ್ನು ತಾವೇ ಮಲಗಿಸಿದರು.

ಸಂಜೆ ಓಣಿಯಲ್ಲಿ ಬೆಲ್ಲ ಹಂಚಿದವರು ದಾಕ್ಷಾಯಣಮ್ಮನೇ. ಗೋಡೆ ಹಿಡಿದುಕೊಂಡು ಮನೆಯಿಂದ ಮನೆಗೆ ಹೋದರು. ಕೇಳಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಬೆಲ್ಲ ಕೈಯಲ್ಲಿ ಹಿಡಿದವರು ಬಾಯಿಗೆ ಹಾಕಿಕೊಳ್ಳಲಾಗದೆ ನಿಂತುಬಿಟ್ಟರು. ಮರುದಿನ ನನ್ನ ಅಂಗಡಿಯ ಮುಂದೆ ಜನ ಸೇರಿದರು. ತಮ್ಮ ಮನೆಯ ಆಟವನ್ನೂ ಮೊದಲಿನಿಂದ ಕಂಪ್ಯೂಟರಿಗೆ ಹಾಕಿ ನೋಡಬೇಕು ಎಂದು ಕೆಲವರು, ದಯವಿಟ್ಟು ಯಾರದ್ದನ್ನೂ ನೋಡಬೇಡ ಎಂದು ಕೆಲವರು. ಕೈಹಿಡಿದು ಬೇಡಿದವರೂ ಇದ್ದರು, ಕಲ್ಲು ಎತ್ತಿದವರೂ ಇದ್ದರು. ನಾನು ಬಾಗಿಲು ಹಾಕಿ ಮನೆಗೆ ಹೋದೆ.

ದಾಕ್ಷಾಯಣಮ್ಮ ಸಂಗವ್ವನ ಜೊತೆ ಮಾತು ಬಿಟ್ಟರು. ಆಸ್ಪತ್ರೆಗೆ ನಾನೂ ನನ್ನ ಹೆಂಡತಿಯೂ ಕರೆದುಕೊಂಡು ಹೋದೆವು. ಹೊರಡುವಾಗ ಸಂಗವ್ವ ಒಂದು ಚೀಲದಲ್ಲಿ ಬಟ್ಟೆ, ರೊಟ್ಟಿ, ಚಟ್ನಿಪುಡಿ ತುಂಬಿ ತಂದು ಕಾರಿನ ಹತ್ತಿರ ನಿಂತರು. ನಾನೂ ಬರ್ಲೇನು ಎಂದು ಕೇಳಿದರು. ಬರಬ್ಯಾಡ್ರಿ ಎಂದಷ್ಟೇ ಉತ್ತರ ಬಂತು. ಆಸ್ಪತ್ರೆಯಲ್ಲಿ ದಾಕ್ಷಾಯಣಮ್ಮ ಮಧ್ಯಾಹ್ನದ ಊಟ ಆದಾಗಲೆಲ್ಲ ಎದ್ದು ಕೂತು, ಎಲ್ಲಿಗೋ ಹೋಗಬೇಕಾದವರ ಹಾಗೆ ಚಪ್ಪಲಿ ಹುಡುಕುತ್ತಿದ್ದರು, ಆಮೇಲೆ ನೆನಪಾಗಿ ಮತ್ತೆ ಮಲಗುತ್ತಿದ್ದರು. ನನ್ನ ಹೆಂಡತಿ ಅದನ್ನು ನೋಡಲಾರದೆ ಹೊರಗೆ ಹೋಗಿ ನಿಲ್ಲುತ್ತಿದ್ದಳು.

ಆಪರೇಷನ್ ಆದ ಮೇಲೆ ಡಾಕ್ಟರು ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಸಂಗವ್ವ ಬಾಗಿಲಲ್ಲೇ ನಿಂತಿದ್ದರು, ಬದಿಗೆ ಸರಿದು ದಾರಿ ಬಿಟ್ಟರು. ದಾಕ್ಷಾಯಣಮ್ಮ ಕಾರಿನಿಂದಿಳಿದು ಮೆಟ್ಟಿಲ ತನಕ ಬಂದವರು ಅಲ್ಲೇ ನಿಂತರು. ಕಪ್ಪು ಕನ್ನಡಕವನ್ನು ಒಂಚೂರು ಎತ್ತಿ ಸಂಗವ್ವನ ಮುಖ ನೋಡಿದರು. ತಲೆ ನೋಡಿದರು, ಕುತ್ತಿಗೆ ನೋಡಿದರು, ಎಲುಬು ಎದ್ದು ಕಾಣುವ ಕೈಗಳನ್ನು ನೋಡಿದರು. ಪೊರೆ ಬರುವುದಕ್ಕೆ ಮುಂಚೆ ಕಂಡ ಸಂಗವ್ವ ಗಟ್ಟಿಮುಟ್ಟಾದ ಹೆಂಗಸು. ಎದುರಿಗೆ ನಿಂತವರ ತಲೆ ಒಂದು ಕಪ್ಪು ಕೂದಲೂ ಉಳಿಯದ ಹಾಗೆ ಬೆಳ್ಳಗಾಗಿತ್ತು, ರವಿಕೆ ತೋಳಿನಲ್ಲಿ ತೋಳು ಕಾಣುತ್ತಿರಲಿಲ್ಲ. ನಾನು ಈ ಹೆಂಗಸನ್ನು ದಿನವೂ ದಾರಿಯಲ್ಲಿ ನೋಡಿದವನು. ಅವರು ಇಷ್ಟು ಕರಗಿದ್ದಾರೆ ಎಂದು ನನಗೂ ಹೊಳೆದದ್ದು ಆಗಲೇ.

“ಯಾವಾಗ ಹಿಂಗಾದ್ರಿ?” ಅಂದರು ದಾಕ್ಷಾಯಣಮ್ಮ. “ಏನಾಗೈತಿ ನಿಮಗ? ಯಾಕ ಹೇಳಲಿಲ್ಲ?”

ಸಂಗವ್ವ ಸೆರಗಿನಿಂದ ಕೈ ಮುಚ್ಚಿಕೊಂಡರು.

“ನೀ ನಿಂದೆಲ್ಲಾ ಅವಂಗ ಹೇಳತಿದ್ದಿ,” ಅಂದರು. “ನಾ ನಂದು ಯಾರಿಗೆ ಹೇಳ್ಲಿ?”

ದಾಕ್ಷಾಯಣಮ್ಮ ನನ್ನ ಹೆಂಡತಿಯ ಕೈಯಿಂದ ಚೀಲ ಇಸಿದುಕೊಂಡು ಕೆಳಗಿಟ್ಟರು. ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು.

“ಹೇಳ್ರಿ,” ಅಂದರು.